ನಾಲ್ಕು ಬೆರಳು ನೀರು

ಬೆಳಗಿನ ಮಟ್ಟವನ್ನು ಗಾಳಿ ಏಳುವ ಮೊದಲೇ ಓದಬೇಕಿತ್ತು. ಅಣೆಕಟ್ಟಿನ ಒಳಮೈಗೆ ಕಟ್ಟಿದ ಮೆಟ್ಟಿಲುಗಳನ್ನು ಇಳಿದು, ನೀರಿಗೆ ಹತ್ತಿರದ ಕೊನೆಯ ಒಣ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಆದಷ್ಟು ನೀರಿನ ಎತ್ತರಕ್ಕೆ ತರಬೇಕು. ನಿಂತು ಮೇಲಿನಿಂದ ನೋಡಿದರೆ ಗೆರೆ ಒಂದು ಬೆರಳಿನಷ್ಟು ಆಚೀಚೆ ಕಾಣುತ್ತದೆ. ಗೋಡೆಗೆ ಜಡಿದ ಬಿಳಿ ಪಟ್ಟಿ, ಅದರ ಮೇಲೆ ಕಪ್ಪು ಗೆರೆ, ಕೆಂಪು ಅಂಕಿ. ಪಾಚಿ ಕಟ್ಟಿದ್ದರೆ ತೆಂಗಿನ ನಾರಿನಿಂದ ತಿಕ್ಕಬೇಕು. ಗಾಳಿಯಿಲ್ಲದಾಗಲೂ ನೀರು ಸುಮ್ಮನಿರುವುದಿಲ್ಲ, ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ಏರಿದಾಗ ಎಲ್ಲಿ ಮುಟ್ಟಿತು, ಇಳಿದಾಗ ಎಲ್ಲಿಗೆ ಬಂತು ಎಂದು ನೋಡಿ ನಡುವಿನದನ್ನು ಹಿಡಿಯಬೇಕು. ಆಮೇಲೆ ಮೇಲೆ ಹತ್ತಿಹೋಗಿ, ಹಿಡಿಕೆ ತಿರುಗಿಸುವ ಫೋನಿನಲ್ಲಿ ಅಣೆಕಟ್ಟಿನ ಬುಡದಲ್ಲಿದ್ದ ವಿದ್ಯುತ್ ಮನೆಗೆ ಹೇಳಬೇಕು.

ಇದು ನನ್ನ ಮೊದಲ ಕೆಲಸ. ಎಂಬತ್ತರ ದಶಕದ ನಡುವಿನ ವರ್ಷಗಳು. ಚಿಕ್ಕೋಡಿಯಲ್ಲಿ ಓದು ಮುಗಿಸಿ, ಅಕ್ಕೋಳದ ಮನೆಯಲ್ಲಿ ಕೂತು ಉಣ್ಣುತ್ತಿದ್ದವನಿಗೆ ಯಾರೋ ಹಂಗಾಮಿ ನೌಕರಿ ಕೊಡಿಸಿದರು. ನಿಪ್ಪಾಣಿಯಲ್ಲಿ ಬಸ್ಸು ಹತ್ತಿ, ತಂಬಾಕಿನ ವಾಸನೆ ಹಿಂದೆ ಬಿದ್ದ ಮೇಲೆ, ಗುಡ್ಡದ ಸಾಲಿನ ಕಡೆ ಸಾಗಿದರೆ ಆ ಸಣ್ಣ ಅಣೆಕಟ್ಟು. ಅದರ ಹೆಸರು ಬರೆಯುವುದಿಲ್ಲ. ಇಲ್ಲಿ ಬರುವವರ ಹೆಸರುಗಳನ್ನೂ ಬರೆಯುವುದಿಲ್ಲ, ಕೆಲವು ಮರೆತಿವೆ, ಉಳಿದವು ನನ್ನವಲ್ಲ. ಆ ದಿನಗಳನ್ನು ನಾನು ಹಿಂದೆಯೂ ಬರೆದು ಹರಿದುಹಾಕಿದ್ದೇನೆ. ಪ್ರತಿ ಸಲವೂ ಅದು ಚೊಕ್ಕ ಕಥೆಯಾಗುತ್ತಿತ್ತು, ಚೊಕ್ಕವಾದಷ್ಟೂ ನನಗೆ ಅನುಮಾನ ಬರುತ್ತಿತ್ತು. ಈ ಸಲ ಸಂದೇಹವಿದ್ದಲ್ಲಿ ಸಂದೇಹವನ್ನೇ ಬರೆಯುತ್ತೇನೆ.

ಫೋನಿನ ಆಚೆ ಇದ್ದವನು ವಿದ್ಯುತ್ ಮನೆಯ ಆಪರೇಟರು. ಅವನಿಗೆ ಜಲಾಶಯವೆಂದರೆ ಎಮ್ಮೆ.

"ಹೇಳ್ರಿ, ಇವತ್ತ ನಮ್ಮ ಎಮ್ಮಿ ಎಷ್ಟ ಕೊಟ್ಟೈತಿ?" ಎಂದು ಕೇಳುತ್ತಿದ್ದ.

ನಾನು ಅಂಕಿ ಹೇಳುತ್ತಿದ್ದೆ.

"ಭಾಳ ಛಲೋ. ಇನ್ನೊಂದೀಟ ತುಂಬಲಿ. ಮ್ಯಾಲ ನಿಂತ ನೀರ ಬೀಳೂ ಹೊಡತನ ಬ್ಯಾರೆ."

ಅವನ ಮಾತು ಸರಿಯೇ. ನೀರು ಎಷ್ಟು ಎತ್ತರದಲ್ಲಿ ನಿಂತಿರುತ್ತದೋ ಯಂತ್ರಕ್ಕೆ ಅಷ್ಟು ಬಲ. ಹಾಗೆಂದು ಎಷ್ಟಾದರೂ ತುಂಬಿಸುವಂತಿಲ್ಲ. ಪಟ್ಟಿಯ ಮೇಲೆ ಒಂದು ದಪ್ಪ ಕೆಂಪು ಗೆರೆ ಇತ್ತು. ಅದು ಭರ್ತಿ ಗೆರೆ. ನೀರು ಅದನ್ನು ದಾಟುವಂತಾದರೆ ಬಾಗಿಲು ಎತ್ತಿ ಬಿಡಬೇಕು. ಆ ವರ್ಷ ಅಣೆಕಟ್ಟು ಮೊದಲ ಬಾರಿಗೆ ಪೂರ್ತಿ ತುಂಬಿತು. ಮಳೆ ನಿಂತಾಗ ನೀರು ಗೆರೆಗೆ ಸರಿಯಾಗಿ ಬಂದು ನಿಂತಿತ್ತು. ನಾನು ದಿನಾ ಅದನ್ನು ನೋಡಿ, ನಾನೇ ತುಂಬಿಸಿದೆನೋ ಎನ್ನುವ ಹಾಗೆ ಖುಷಿಪಡುತ್ತಿದ್ದೆ.

ಆಗ ಆಯಿ ಬಂದಳು.

ಅವಳನ್ನು ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು. ಕುರಿ ಮೇಯಿಸುವ ಮನೆತನ. ಗಂಡ ತೀರಿಕೊಂಡಿದ್ದ. ಜಲಾಶಯದ ದಕ್ಷಿಣ ದಂಡೆಯ ಇಳಿಜಾರಿನಲ್ಲಿ ಕಲ್ಲುಗೋಡೆಯ, ಹಂಚಿನ ಮನೆ, ಅದರ ಮುಂದೆ ಮುಳ್ಳುಬೇಲಿಯ ಕುರಿದಡ್ಡಿ. ತಗ್ಗಿನಲ್ಲಿದ್ದ ಮನೆಗಳನ್ನೆಲ್ಲ ಅಣೆಕಟ್ಟು ಕಟ್ಟುವಾಗಲೇ ಎಬ್ಬಿಸಿ ಮೇಲೆ ಜಾಗ ಕೊಟ್ಟಿದ್ದರು. ಆಯಿಯ ದಡ್ಡಿ ಮಾತ್ರ ಭರ್ತಿ ನೀರಿಗಿಂತ ಎರಡು ಬೆರಳು ಮೇಲಿದೆ ಎಂದು ಅಳತೆ ಹೇಳಿತ್ತು. ಇಷ್ಟು ಅಂಚಿನಲ್ಲಿ ಯಾಕೆ ಇರುತ್ತೀ, ಬಿಟ್ಟು ಹೋಗು ಎಂದು ಮೊದಲಿದ್ದ ಸಾಹೇಬರು ಹೇಳಿದಾಗ ಅವಳು, "ನಿಮ್ಮ ಗೆರಿ ಕೆಳಗೈತಿ, ನಾ ಮ್ಯಾಲ ಅದೀನಿ, ಮಾತ ಮುಗೀತ" ಎಂದಿದ್ದಳಂತೆ. ಗೆರೆಯ ಮೇಲಿದ್ದವರನ್ನು ಎಬ್ಬಿಸಲು ಆದೇಶವಿರಲಿಲ್ಲ. ಹೀಗೆ ಅವಳು ಉಳಿದಿದ್ದಳು.

ಅವಳ ಸೀರೆಯ ಅಂಚು ಮೊಣಕಾಲ ತನಕ ಒದ್ದೆಯಾಗಿತ್ತು.

"ತಮ್ಮಾ, ನಿನ್ನ ನೀರ ನನ್ನ ದಡ್ಡ್ಯಾಗ ಬಂದ ನಿಂತೈತಿ. ಕರಕೊಂಡ ಹೋಗ."

"ನನ್ನ ನೀರ ಅಲ್ಲ ಆಯಿ ಅದು."

"ಮತ್ತ ಯಾರದ? ದಿನಾ ಮುಂಜಾನೆ ಅದರ ಮುಂದ ಕುಂತ ನಾಡಿ ಹಿಡಿಯಾಂವ ನೀನ ಅಲ್ಲೇನು?"

ಹೋಗಿ ನೋಡಿದೆ. ದಡ್ಡಿಯ ಕೆಳಗಿನ ಅರ್ಧದಲ್ಲಿ ನೀರು ನಿಂತಿತ್ತು. ಆಳ ಏನಿಲ್ಲ, ಪಾದ ಮುಳುಗುವಷ್ಟೂ ಇರಲಿಲ್ಲ. ಆದರೆ ಕುರಿಗೆ ಅದೇ ಸಾಕು. ಕುರಿ ಒದ್ದೆ ನೆಲದಲ್ಲಿ ಮಲಗುವುದಿಲ್ಲ, ನಿಂತೇ ಇರುತ್ತದೆ, ನಿಂತು ನಿಂತು ಗೊರಸಿನ ಸಂದು ಕೊಳೆಯುತ್ತದೆ. ಆಗಲೇ ಕೆಲವು ಮೊಣಕಾಲೂರಿ ತೆವಳುತ್ತ ಮೇಯುತ್ತಿದ್ದವು. ನೀರಿನ ಪಸೆ ಮನೆಯೊಳಗೂ ಹೋಗಿ ಒಲೆ ಬಿರುಕು ಬಿಟ್ಟಿತ್ತು. ನಾನು ಅಲ್ಲಿಂದ ಓಡಿಬಂದು ಪಟ್ಟಿ ನೋಡಿದೆ. ನೀರು ಗೆರೆಗೆ ಸರಿಯಾಗಿಯೇ ಇತ್ತು, ಕೂದಲೆಳೆಯಷ್ಟೂ ದಾಟಿರಲಿಲ್ಲ. ಪಟ್ಟಿಯ ಪ್ರಕಾರ ದಡ್ಡಿ ಒಣಗಿರಬೇಕಿತ್ತು.

ಸಾಹೇಬರು ಬಂದರು. ಧಾರವಾಡದ ಕಡೆಯವರು, ಹೊಸದಾಗಿ ಬಂದಿದ್ದ ಎಂಜಿನಿಯರು, ಮಾತು ನಿಧಾನ. ಅವರನ್ನು ಕೆಟ್ಟವರನ್ನಾಗಿ ಮಾಡಿದರೆ ಈ ಬರವಣಿಗೆಗೆ ಅನುಕೂಲ, ಆದರೆ ಅವರು ಹಾಗಿರಲಿಲ್ಲ. ಬೂಟು ಬಿಚ್ಚಿ, ಪ್ಯಾಂಟು ಮಡಚಿ ದಡ್ಡಿಯೊಳಗೆ ಇಳಿದರು. ಬಗ್ಗಿ ನೀರಿನೊಳಗಿನ ನೆಲ ಮುಟ್ಟಿ ನೋಡಿದರು.

"ಆಯಿ, ವರ್ಷಾ ವರ್ಷಾ ಗೊಬ್ಬರ ಬಳೀತೀರಲ್ಲ? ಅದರ ಜೋಡಿ ಮಣ್ಣೂ ಹೋಗತದ. ಅಂಗಳ ತಗ್ಗಾಗಿರಬೇಕು."

"ಗೊಬ್ಬರ ಬಳಿಯಾಕ ನಂಗ ಬರೂದುಲ್ಲೇನ್ರಿ ಸಾಹೇಬ್ರ? ನಿಮ್ಮ ಆಫೀಸ ಕಸಾ ಹೊಡದ್ರ ನೆಲಾ ತಗ್ಗ ಆಕ್ಕೈತೇನು?"

ಸಾಹೇಬರು ನಕ್ಕರು. ಆದರೆ ಅವರ ಮುಂದೆ ಇದ್ದದ್ದು ಎರಡೇ ಸಾಧ್ಯತೆ. ಪಟ್ಟಿ ತಪ್ಪಿರಬೇಕು, ಇಲ್ಲವೆ ದಡ್ಡಿ ತಗ್ಗಾಗಿರಬೇಕು. ಸಿಮೆಂಟಿನ ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಪಟ್ಟಿಯನ್ನೂ ಸಗಣಿ ಮಣ್ಣಿನ ದಡ್ಡಿಯನ್ನೂ ಎದುರುಬದುರು ಇಟ್ಟರೆ ಯಾವುದನ್ನು ನಂಬುತ್ತಾರೆ? ಮೇಲಿನ ಕಚೇರಿಗೆ ಹೋದ ವರದಿಗೆ ಉತ್ತರ ಬಂತು. ದಡ್ಡಿ ಜಲಾಶಯದ ಜಾಗಕ್ಕೆ ಸರಿದಿದೆ, ಮುಂದಿನ ಮಳೆಗಾಲದೊಳಗೆ ಮನೆ ಸಮೇತ ಖಾಲಿ ಮಾಡಿಸತಕ್ಕದ್ದು.

ಇದನ್ನು ಆಯಿಗೆ ಹೇಳಲು ನನ್ನನ್ನೇ ಕಳಿಸಿದರು. ಅವಳು ಜಗುಲಿಯಲ್ಲಿ ಕೂತು ಒಂದು ಕುರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿನ ಕೀವು ಒರೆಸುತ್ತಿದ್ದಳು. ಕಾಲು ಬಿಡದೆ ಕೇಳಿಸಿಕೊಂಡಳು.

"ಅಥಣಿ ಕಡೆ ನಿನ್ನ ತಂಗಿ ಅದಾಳಂತ ಅಂದಿದ್ದಿಯಲ್ಲಾ ಆಯಿ," ಎಂದೆ. ಅವಳ ತಂಗಿಯನ್ನು ಅಥಣಿ ಹತ್ತಿರದ ಅನಂತಪುರವೆಂಬ ಹಳ್ಳಿಗೆ ಕೊಟ್ಟಿದ್ದರು.

"ಅದಾಳ. ಹಬ್ಬಕ್ಕ ಹೋದ್ರ ಹೋಳಗಿ ಹಾಕ್ತಾಳ. ಕುರಿ ಹಿಂಡ ಹೊಡಕೊಂಡ ಹೋದ್ರ ಬಾಗಲಾ ಹಾಕ್ತಾಳ," ಎಂದಳು. ಮತ್ತೆ ಗೊರಸು ಒರೆಸುತ್ತ, ಕುರಿಗೆ ಹೇಳುವಂತೆ, "ನಾ ಎಲ್ಲಿಗೆ ಹೋಗ್ಲಿ ಬೇ?" ಎಂದಳು.

ಆ ಕುರಿ ಕಪ್ಪಗಿತ್ತು ಎಂದು ನನಗೆ ನೆನಪು. ಅವಳ ಹಿಂಡಿನಲ್ಲಿ ಕಪ್ಪು ಕುರಿ ಇತ್ತೋ ಇಲ್ಲವೋ ಖಾತ್ರಿಯಿಲ್ಲ.

ಮುಂದಿನದು ಚಹಾದ ಅಂಗಡಿಯಲ್ಲಿ ನಡೆಯಿತು. ಅಂಗಡಿ ಅಂದರೆ ಅಣೆಕಟ್ಟಿನ ದಾರಿಯಲ್ಲಿ ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಜಾಗ. ನನ್ನ ಜೊತೆ ಕೂತಿದ್ದವನು ನಮ್ಮ ಖಲಾಶಿ. ಅಳತೆಯ ಕೆಲಸದಲ್ಲಿ ಎಂಜಿನಿಯರು ದುರ್ಬೀನಿನಲ್ಲಿ ನೋಡುವಾಗ ಎದುರಿಗೆ ಉದ್ದ ಅಳತೆಕೋಲು ನೆಟ್ಟಗೆ ಹಿಡಿದು ನಿಲ್ಲುವವನು. ರಾಯಬಾಗ ಕಡೆಯ ದಿಗ್ಗೇವಾಡಿಯವನು, ವಯಸ್ಸಾದವನು, ನಾವೆಲ್ಲ ಮಾಮಾ ಎನ್ನುತ್ತಿದ್ದೆವು. ಗೋಡೆಗೆ ಪಟ್ಟಿ ಕೂರಿಸುವಾಗಲೂ ಕೋಲು ಹಿಡಿದವನು ಅವನೇ.

"ಮಾಮಾ, ಪಟ್ಟೀನ ತಪ್ಪ ಇದ್ರ?" ಎಂದೆ.

"ಹೆಂಗ ತಪ್ಪ ಆಕ್ಕೈತಿ? ನಾ ಏನ್ ಕೋಲ ವಾರೀ ಹಿಡದಿದ್ನೇನು?"

"ಹಂಗಲ್ಲ. ಅದರ ಎತ್ತರ ಎಲ್ಲಿಂದ ತಂದ್ರಿ?"

"ಎಲ್ಲಿಂದ ತರೂದು? ಇಲ್ಲೇ ಮಸೋಬಾನ ತಲಿ ಮ್ಯಾಲಿಂದ."

ಇಲ್ಲಿ ಸ್ವಲ್ಪ ವಿವರಿಸಬೇಕು. ಯಾವ ಅಳತೆಯಾದರೂ ಎತ್ತರ ಮೊದಲೇ ಗೊತ್ತಿರುವ ಒಂದು ಜಾಗದಿಂದ ಶುರುವಾಗಬೇಕು. ಅದಕ್ಕಾಗಿ ಬಹಳ ಹಿಂದೆ ಸರ್ವೆಯವರು ಅಲ್ಲಲ್ಲಿ ಗುರುತಿನ ಕಲ್ಲು ನೆಟ್ಟಿದ್ದರು. ಅದರ ನೆತ್ತಿ ಎಷ್ಟು ಎತ್ತರದಲ್ಲಿದೆ ಎಂಬುದು ಸರ್ಕಾರಕ್ಕೆ ಗೊತ್ತು. ಜಲಾಶಯದ ದಂಡೆಯ ಮೇಲೆ, ಆಯಿಯ ಮನೆಯಿಂದ ಕೂಗಳತೆಯಲ್ಲಿ, ಅಂಥದೊಂದು ಕಲ್ಲಿತ್ತು. ಅದರ ಮೈಮೇಲೆ ಬಾಣದ ಗುರುತು ಕೆತ್ತಿತ್ತು. ಕುರಿಯವರ ಕಣ್ಣಿಗೆ ಅದು ತ್ರಿಶೂಲ. ಹೊಲದ ಅಂಚಿನಲ್ಲಿ, ಒಂಟಿಯಾಗಿ, ಯಾರು ನೆಟ್ಟರೆಂದು ಗೊತ್ತಿಲ್ಲದೆ ನಿಂತ ಕಲ್ಲು ನಮ್ಮ ಕಡೆ ಹೊಲ ಕಾಯುವ ದೇವರು ಮಸೋಬಾ ಅಲ್ಲದೆ ಇನ್ನೇನಾಗುತ್ತದೆ? ಆಯಿಯ ಗಂಡನ ಮನೆಯವರು ಅದಕ್ಕೆ ನಡೆದುಕೊಳ್ಳುತ್ತಿದ್ದರು. ಅಮಾವಾಸ್ಯೆಗೊಮ್ಮೆ ಎಣ್ಣೆಯಲ್ಲಿ ಕಲಸಿದ ಶೇಂದೂರ, ಅಂದರೆ ಸಿಂಧೂರ, ಹಚ್ಚುವುದು. ಹಳೆಯದನ್ನು ಯಾರೂ ತೆಗೆಯುವುದಿಲ್ಲ, ಅದರ ಮೇಲೇ ಹೊಸದು. ಹೀಗೆ ಹಚ್ಚಿ ಹಚ್ಚಿ ಕಲ್ಲು ಕಿತ್ತಳೆ ಬಣ್ಣದ ದುಂಡು ದೇಹವಾಗಿ ಬೆಳೆದಿತ್ತು. ಮೇಲೆ ಎರಡು ಬೆಳ್ಳಿ ಕಣ್ಣು.

ಮಾಮಾ ಅದರ ತಲೆಯ ಮೇಲೆ ಅಳತೆಕೋಲು ಇಟ್ಟಿದ್ದ. ಕಡತದಲ್ಲಿದ್ದ ಎತ್ತರ ಒಳಗಿನ ಬೋಳು ಕಲ್ಲಿನದು. ಕೋಲು ನಿಂತದ್ದು ಶೇಂದೂರದ ಮೇಲೆ. ಶೇಂದೂರ ಎಷ್ಟು ದಪ್ಪವೋ, ಗೋಡೆಯ ಮೇಲಿನ ಪಟ್ಟಿ ಅಷ್ಟು ಮೇಲೆ ಕೂತಿತ್ತು. ಪಟ್ಟಿ ಭರ್ತಿ ಎಂದಾಗ ನೀರು ನಿಜವಾಗಿ ಭರ್ತಿಯನ್ನು ದಾಟಿ ಅಷ್ಟು ಮೇಲೆ ಬಂದಿರುತ್ತಿತ್ತು. ಮನೆಗಳ ಎತ್ತರವನ್ನು ಅದಕ್ಕೂ ಎಷ್ಟೋ ಮೊದಲು ಬೇರೆ ತಂಡ ಹೆದ್ದಾರಿಯ ಸೇತುವೆಯ ಗುರುತಿನಿಂದ ಅಳೆದಿತ್ತು. ಹಾಗಾಗಿ ದಡ್ಡಿಯ ಅಳತೆಯೂ ಸರಿ, ದಡ್ಡಿಯೊಳಗಿನ ನೀರೂ ನಿಜ.

ಇದು ಮೊದಲು ಹೊಳೆದದ್ದು ನನಗೆ ಎಂದು ಬಹಳ ವರ್ಷ ನಂಬಿದ್ದೆ. ಆ ಬೆಂಚಿನಿಂದ ನಾನು ಎದ್ದುನಿಂತ ಚಿತ್ರ ಈಗಲೂ ಕಣ್ಣ ಮುಂದಿದೆ. ತೊಂಬತ್ತರ ದಶಕದಲ್ಲಿ ಮಾಮಾ ಒಮ್ಮೆ ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ನಾ 'ತಲಿ ಮ್ಯಾಲಿಂದ' ಅಂದಾಂವ ಬಾಯಾಗಿನ ಚಾ ಹಂಗ ಹಿಡಕೊಂಡ ಕುಂತೆ, ನೀ ಇನ್ನೂ ಭಜಿ ತಿನ್ನಾಕತ್ತಿದ್ದಿ" ಎಂದ. ನನ್ನನ್ನು ನಾನು ಎದ್ದುನಿಂತದ್ದಾಗಿ ಕಾಣುತ್ತಿದ್ದೇನೆ ಎಂದರೆ ಅದು ಹೊರಗಿನಿಂದ ನೋಡಿದ ಚಿತ್ರ, ನಾನು ಹೇಗೆ ನೋಡಿರಲು ಸಾಧ್ಯ? ಭಜಿಯ ಮಾತೇ ಸರಿಯಿರಬೇಕು.

"ಕೆರದ ಇಡಬೇಕಿತ್ತು ಮಾಮಾ," ಎಂದೆ ಆ ದಿನ.

"ದೇವರ ಮೈ ಕೆರಿಯೂದಾ? ಚಪ್ಲಿ ಬಿಟ್ಟೆ, ಕೈ ಮುಗದೆ, ತಪ್ಪಾತು ಯಪ್ಪಾ ಅಂತ ಹೇಳಿ ಕೋಲ ಇಟ್ಟೆ. ಇದರ ಮ್ಯಾಲ ಇನ್ನೇನ್ ಮಾಡ್ಲಿ?"

ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಈ ಸೀಮೆಯಲ್ಲಿ ಹುಟ್ಟಿದವರಿಗೆ ಮಸೋಬಾನ ತಲೆ ಎಂದರೆ ಶೇಂದೂರ ಮುಗಿಯುವ ಜಾಗ. ಅದರೊಳಗೆ ಇನ್ನೊಂದು ತಲೆ ಇದೆ ಎಂದು ಯಾರು ಯೋಚಿಸುತ್ತಾರೆ?

ಸಾಹೇಬರಿಗೆ ಹೇಳಿದಾಗ ಮಾತು ಮುಗಿಯುವ ಮೊದಲೇ ಅವರಿಗೆ ಅರ್ಥವಾಯಿತು. ಕುರ್ಚಿಗೆ ಒರಗಿ, ಕನ್ನಡಕ ತೆಗೆದು, "ಅಯ್ಯ ಶಿವನೇ, ಅದು ನನ್ನ ದಾರ್ಯಾಗ ದಿನಾ ಕಾಣತದಲ್ಲೋ" ಎಂದರು. ಆದರೆ ಶೇಂದೂರ ಎಷ್ಟು ದಪ್ಪ ಎಂದು ತಿಳಿಯುವುದು ಹೇಗೆ? ಒಂದು ಬೆರಳೋ, ಒಂದು ಗೇಣೋ? ಒಂದೇ ಬೆರಳಾದರೆ ದಡ್ಡಿಯ ನೀರಿಗೆ ಅದು ಉತ್ತರವಲ್ಲ, ಆಯಿ ಹೊರಡಲೇಬೇಕು. ಕೆರೆದು ನೋಡೋಣವೆಂದರೆ ಕುರಿಯವರು ಬಿಡುತ್ತಾರೆಯೆ? ಹೇಳದೆ ಕೇಳದೆ ಕೆರೆದರೆ ನಾವು ಯಾರೂ ಆ ದಾರಿಯಲ್ಲಿ ಮತ್ತೆ ತಿರುಗಾಡುವಂತಿರಲಿಲ್ಲ. ಕೇಳಬೇಕಾದವಳು ಆಯಿ. ಶೇಂದೂರ ಹಚ್ಚುವ ಸೇವೆ ಅವಳದು, ಸೊಸೆಯಾಗಿ ಬಂದಂದಿನಿಂದ.

ಹೇಳಿದೆವು. ಅವಳಿಗೆ ತಿಳಿಯುವಂತೆ ಹೇಳಲು ಮಾಮಾ ಒಂದು ಸೇರನ್ನು ಬೋರಲು ಹಾಕಿ, ಅದರ ಮೇಲೆ ರೊಟ್ಟಿ ಇಟ್ಟು, ರೊಟ್ಟಿಯ ಮೇಲೆ ಕಡ್ಡಿ ನಿಲ್ಲಿಸಿ ತೋರಿಸಿದ. ಅವಳು ರೊಟ್ಟಿಯನ್ನೇ ಬಹಳ ಹೊತ್ತು ನೋಡಿದಳು.

"ಅಂದ್ರ ನಾ ಹಚ್ಚಿದ್ದ ನನ್ನ ಮುಳಗಸಾಕತ್ತೈತಿ?"

ಮಾಮಾ ಕಡ್ಡಿ ತೆಗೆದು ರೊಟ್ಟಿಯನ್ನು ಅವಳ ಕೈಗೆ ಕೊಟ್ಟ.

"ಕೆರದ್ರ ನನ್ನ ಮನಿ ಉಳೀತೈತಿ?"

ಸಾಹೇಬರು, "ಎಷ್ಟ ದಪ್ಪ ಅದ ಅನ್ನೂದರ ಮ್ಯಾಲ ಆಯಿ. ಸುಳ್ಳ ಹೇಳೂದಿಲ್ಲ" ಎಂದರು.

ಅವಳು ಎದ್ದು ಒಳಗೆ ಹೋದಳು. ಹೊರಗೆ ಬಂದು, ಮಸೋಬಾನ ಕಡೆ ಕೈ ತೋರಿಸಿ, "ಅವನ್ನ ಕೇಳಿ ಹೇಳ್ತೀನಿ" ಎಂದಳು.

ಕೇಳುವ ದಿನ ನಾವೂ ಹೋಗಿದ್ದೆವು. ಮಳೆ ಸುರಿಯುತ್ತಿತ್ತು ಎಂದು ಹಿಂದೊಮ್ಮೆ ಬರೆದಿದ್ದೆ. ಅದು ಸುಳ್ಳು. ಮಳೆಯಿದ್ದರೆ ಮುಂದೆ ನಡೆದದ್ದು ನಡೆಯುತ್ತಿರಲಿಲ್ಲ. ದಸರೆ ಮುಗಿದ ಮೇಲಿನ ಸುಡುಬಿಸಿಲು ಅದು. ಆಯಿ ಮಿಂದು ಬಂದು ಮಸೋಬಾನ ಎಡಕ್ಕೊಂದು ಬಲಕ್ಕೊಂದು ಒದ್ದೆ ಕಣಗಿಲ ಹೂ ಅಂಟಿಸಿದಳು. ಬಲದ ಹೂ ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಉಹೂಂ. ಎದುರಿಗೆ ಕೂತಳು. ಸುದ್ದಿ ಕೇಳಿ ಅವಳ ಮೈದುನನೂ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವನ ದಡ್ಡಿ ಗುಡ್ಡದ ಮೇಲೆ, ನೀರಿನ ಭಯವಿಲ್ಲ.

"ಏನ್ ವೈನಿ, ಮಸೋಬಾನ್ನ ಸರಕಾರಕ್ಕ ಕೊಡಾಕ ನಿಂತಿ ಏನು?"

"ನಿನ್ನ ಕುರಿ ಒಣಾ ನೆಲದಾಗ ಮಲಗತಾವ, ಅದಕ್ಕ ನಿನ್ನ ಮಾತ ಇಷ್ಟ ಜೋರ. ಸುಮ್ಮ ಕುಂದ್ರ."

"ಹಿಂಡಿಗೆ ಏನರ ಆದ್ರ?"

"ಆಗಾಕತ್ತೈತಿ. ಬಂದ ಕೀವ ನೋಡ."

ಹೂ ಬೀಳಲಿಲ್ಲ. ಎಣ್ಣೆಯ ಜಿಡ್ಡಿಗೆ ಎರಡೂ ಅಂಟಿಕೊಂಡು ಅಲ್ಲೇ ಬಾಡತೊಡಗಿದವು. ಬಿಸಿಲು ನೆತ್ತಿಗೆ ಬಂತು. ಮೈದುನ ತಾನು ತಂದ ರೊಟ್ಟಿ ಬಿಚ್ಚಿ ನಮಗೂ ಕೊಟ್ಟ. ಜಗಳದ ನಡುವೆ ಉಣ್ಣುವುದು ನಮ್ಮ ಕಡೆ ಅಂಥ ದೊಡ್ಡ ಸಂಗತಿಯಲ್ಲ. ಆಯಿ ಮಾತ್ರ ಉಣ್ಣಲಿಲ್ಲ.

ಕೊನೆಗೆ ಸಾಹೇಬರು ಅಳುಕುತ್ತಲೇ, "ಕೆರಿಯೂದು ಬ್ಯಾಡ. ಒಂದು ಉದ್ದನ್ನ ಸೂಜಿ ಚುಚ್ಚಿ ನೋಡಿದ್ರ? ಒಳಗಿನ ಕಲ್ಲಿಗೆ ತಾಗೂತನಕ, ಅಷ್ಟೆ" ಎಂದರು.

ಆಯಿ ತಿರುಗಿದಳು. "ದೇವರಿಗೆ ಇಂಜೆಕ್ಷನ್ ಮಾಡಾಕ ಬಂದೀರೇನ್ರಿ?"

ಮೊದಲು ನಕ್ಕವನು ಮೈದುನ. ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮುತ್ತ ನಕ್ಕ. ಮಾಮಾ ಅವನ ಬೆನ್ನು ಗುದ್ದುತ್ತ ನಕ್ಕ. ಸಾಹೇಬರ ಮುಖ ಕೆಂಪಾಯಿತು. ಆಯಿಗೂ ನಗು ಬಂತು, ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗು ನಿಂತ ಮೇಲೆ ಅವಳು ಆ ಎರಡು ಬಾಡಿದ ಹೂಗಳನ್ನು ನೋಡುತ್ತ ಕೂತಳು.

"ಹೂಂ ಅನ್ನೂದುಲ್ಲ, ಉಹೂಂ ಅನ್ನೂದುಲ್ಲ," ಎಂದಳು. "ನನ್ನ ಗಂಡನೂ ಹಿಂಗ ಇದ್ದ. ಕೇಳಿ ಕೇಳಿ ಸಾಕಾಗಿ ನಾನ ಮಾಡತಿದ್ದೆ."

ಮನೆಗೆ ಹೋಗಿ ಕಂಬಳಿ ಹೊಲಿಯುವ ದಬ್ಬಣ ತಂದಳು. ಸಾಹೇಬರು ಕೈ ಚಾಚಿದರೆ ಕೊಡಲಿಲ್ಲ. ಮೈದುನನೂ ಎದ್ದ. ತಡೆಯಲು ಎದ್ದನೆಂದುಕೊಂಡೆ. ಅವನು ಕಂಬಳಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ನಮಗೂ ಅವಳಿಗೂ ನಡುವೆ ಮರೆ ಮಾಡಿ, ತಾನೂ ಮುಖ ತಿರುಗಿಸಿಕೊಂಡು ನಿಂತ. ಹಾಗಾಗಿ ಅವಳು ಚುಚ್ಚಿದ್ದನ್ನು ನಾನು ನೋಡಲಿಲ್ಲ. ಅವಳ ದನಿ ಮಾತ್ರ ಕೇಳಿತು.

"ನೋವಾದ್ರ ಹೇಳಪ್ಪಾ."

ಬಿಸಿಲಿಗೆ ಶೇಂದೂರ ಮೆತ್ತಗಾಗಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಬ್ಬಿಣ ಕಲ್ಲಿಗೆ ತಾಗಿದ ಸಣ್ಣ ಶಬ್ದ. ಆಯಿ ಕಂಬಳಿಯ ಹಿಂದಿನಿಂದ ಬಂದಳು, ದಬ್ಬಣ ಎಲ್ಲಿಯ ತನಕ ಒಳಗೆ ಹೋಗಿತ್ತೋ ಅದರ ಮೇಲೆ ಅಲ್ಲಿಗೆ ಹೆಬ್ಬೆರಳಿನ ಉಗುರು ಒತ್ತಿ ಹಿಡಿದಿದ್ದಳು. ಸಾಹೇಬರು ಸ್ಕೇಲು ಹಿಡಿದು ನೋಡುವ ಮೊದಲೇ ಮಾಮಾ ತನ್ನ ಬೆರಳು ಜೋಡಿಸಿ ನೋಡಿದ. ನಾಲ್ಕು ಬೆರಳು. ಸ್ಕೇಲು ಏನು ತೋರಿಸಿತು ಎನ್ನುವುದು ನನಗೆ ಮರೆತಿದೆ, ಮಾಮಾನ ಕರಿ ಬೆರಳುಗಳ ಪಕ್ಕ ಕಿತ್ತಳೆ ಬಣ್ಣ ಮೆತ್ತಿದ ದಬ್ಬಣ ನೆನಪಿದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮಾಮಾ ಮೂರು ಬೆರಳು ಎಂದ. ವಯಸ್ಸಾದ ಮೇಲೆ ಅವನ ಬೆರಳು ದಪ್ಪಗಾಗಿದ್ದವು ಎಂದು ಬಿಟ್ಟೆ.

ಮನೆ ಅಷ್ಟಕ್ಕೇ ಉಳಿಯಲಿಲ್ಲ. ವಿಧವೆಯೊಬ್ಬಳ ಉಗುರಿನ ಗುರುತನ್ನು ಮೇಲಿನ ಕಚೇರಿಗೆ ಕಳಿಸಲು ಬರುವುದಿಲ್ಲ. ಸಾಹೇಬರು ಹೇಳಿದರು, ತಪ್ಪು ಎಲ್ಲಿದೆ ಎಂದು ಈಗ ತಿಳಿಯಿತಲ್ಲ, ಹೆದ್ದಾರಿಯ ಸೇತುವೆಯ ಗುರುತಿನಿಂದ ಮಟ್ಟವನ್ನು ಮತ್ತೆ ತರೋಣ, ಮಸೋಬಾನ ತಂಟೆಯೇ ಬೇಡ. ನೆಟ್ಟಗೆ ಹೊಲದಲ್ಲಿ ಬರೋಣವೆಂದರೆ ಆಳೆತ್ತರ ದಾಟಿದ ಕಬ್ಬು, ದುರ್ಬೀನಿಗೆ ಎದುರಿನ ಕೋಲೇ ಕಾಣುವುದಿಲ್ಲ. ಅದಕ್ಕೆ ರಸ್ತೆ ಹಿಡಿದು, ತಿರುವು ತಿರುವಿಗೆ ನಿಂತು ತಂದೆವು. ಮಾಮಾ ಕೋಲು ಹಿಡಿದು ನಿಂತರೆ ಕಬ್ಬಿನ ಗಾಡಿಯವರು, "ಏ ಮಾಮಾ, ಬಾವುಟ ಎಲ್ಲಿ ಮರತ ಬಂದಿ?" ಎಂದು ಕೂಗಿ ಹೋಗುತ್ತಿದ್ದರು. ಅವನು ಕತ್ತು ತಿರುಗಿಸದೆ ಬೈಯುತ್ತಿದ್ದ, ಕತ್ತು ತಿರುಗಿಸಿದರೆ ಕೋಲು ಓಲುತ್ತದೆ. ಗೋಡೆಯ ಪಟ್ಟಿಯ ತನಕ ಬಂದು, ತಿರುಗಿ ಸೇತುವೆಯ ತನಕ ಹೋಗಿ ತಾಳೆ ನೋಡಿದೆವು. ಪಟ್ಟಿ ಮೇಲಕ್ಕೆ ಕೂತಿತ್ತು. ದಬ್ಬಣ ಹೇಳಿದ್ದಕ್ಕೂ ದುರ್ಬೀನು ಹೇಳಿದ್ದಕ್ಕೂ ಇದ್ದ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ. ಸಾಹೇಬರು ವರದಿ ಬರೆದರು. ಅದರಲ್ಲಿ ಗುರುತಿನ ಕಲ್ಲಿನ ನೆತ್ತಿಗೆ 'ಲೇಪನ'ವಿತ್ತು ಎಂದಷ್ಟೇ ಇತ್ತು.

ಉತ್ತರಕ್ಕೆ ಕಾಯದೆ ಅವರು ಫೋನು ತಿರುಗಿಸಿ ಎರಡೂ ಯಂತ್ರ ಹಗಲಿಡೀ ಓಡಿಸಲು ಹೇಳಿದರು. ಬಾಗಿಲು ಎತ್ತಿ ನೀರು ಚೆಲ್ಲುವ ಬದಲು ಯಂತ್ರದ ಮೂಲಕವೇ ಇಳಿಸುವುದು.

ಆಪರೇಟರು ಅನುಮಾನದಿಂದ ನನ್ನನ್ನು ಕೇಳಿದ, "ಏನ್ರಿ, ತುಂಬಿದ ಎಮ್ಮೀನ ಬರಿದ ಮಾಡಾಕ ಹಚ್ಚೀರಿ?"

"ಬರಿದ ಅಲ್ಲ. ಅದು ಜಾಸ್ತಿ ತುಂಬೈತಿ. ನಾಲ್ಕ ಬೆರಳ."

"ಯಾಂವ ಹೇಳಿದ?"

"ಮಸೋಬಾ."

"ಹಂಗಾರ ಹಿಂಡತೀವಿ ತಗೋರಿ," ಎಂದ.

ನೀರು ಇಳಿಯುವುದನ್ನು ಕಣ್ಣು ಕಾಣುವುದಿಲ್ಲ. ಆಯಿ ದಡ್ಡಿಯ ಮೇಲಿನ ಅಂಚಿನಲ್ಲಿ ಕೂತು ಕಾಯುತ್ತಿದ್ದಳು. ನಾನು ಬೆಳಗಿನ ಓದು ಮುಗಿಸಿ ಅತ್ತ ಹೋಗುತ್ತಿದ್ದೆ. "ಎಷ್ಟ ಹೋತ?" ಎನ್ನುತ್ತಿದ್ದಳು. ನಾನು ಬೆರಳು ತೋರಿಸುತ್ತಿದ್ದೆ. ಮೊದಲು ಬೇಲಿಯ ಬುಡ ಕಂಡಿತು, ಆಮೇಲೆ ಕೆಸರು, ಕೆಸರಿನಲ್ಲಿ ಸಿಕ್ಕಿಕೊಂಡ ಸಣ್ಣ ಮೀನುಗಳು. ಅವನ್ನು ತಿನ್ನಲು ಬಂದ ಕೊಕ್ಕರೆಗಳಿಗೆ ಅವಳು ಕಲ್ಲು ಬೀಸುತ್ತಿದ್ದಳು. ಕೆಸರು ಗಟ್ಟಿಯಾದ ಮೇಲೆ ಬೂದಿ ಚೆಲ್ಲಿದಳು, ಅದರ ಮೇಲೆ ಒಣ ಹಿಕ್ಕೆ, ಮತ್ತೆ ಬೂದಿ. ಅಂಗೈಯ ಹಿಂಬದಿಯಿಂದ ಒತ್ತಿ ಪಸೆ ಇದೆಯೇ ಎಂದು ನೋಡುತ್ತಿದ್ದಳು, ಜ್ವರ ನೋಡುವ ಹಾಗೆ.

ಖಾಲಿ ಮಾಡಿಸುವ ಆದೇಶ ವಾಪಸಾಯಿತು ಎಂಬ ಕಾಗದ ಅದೇ ಹೊತ್ತಿಗೆ ಬಂತೋ, ಎಷ್ಟೋ ದಿನದ ಮೇಲೆ ಬಂತೋ ಹೇಳಲಾರೆ. ನಾನೇ ಹೋಗಿ ಹೇಳಿದ್ದು ಹೌದು. ಅವಳು ಒಲೆ ಹೊಸದಾಗಿ ಹಾಕುತ್ತಿದ್ದಳು, ಕೈ ಮೊಣಕೈ ತನಕ ಮಣ್ಣು.

"ಇನ್ನ ಎಬ್ಬಸೂದುಲ್ಲ?"

"ಇಲ್ಲ ಆಯಿ."

"ಬರೂ ಮಳಿಗೆ?"

ಇದಕ್ಕೆ ಒಂದೇ ಮಾತಿನಲ್ಲಿ ಹೂಂ ಎನ್ನಬಹುದಿತ್ತು. ಆದರೆ ಭರ್ತಿ ಗೆರೆಗೂ ದಡ್ಡಿಗೂ ಇರುವುದು ಎರಡೇ ಬೆರಳು. ಪಟ್ಟಿ ಸರಿಯಾದರೂ ಗಾಳಿ ನ್ಯಾಯ ನೋಡುವುದಿಲ್ಲ.

"ನೀರ ಬರೂದುಲ್ಲ," ಎಂದೆ. "ಗಾಳಿ ಬೀಸಿದ್ರ ತೆರಿ ಬರಬಹುದು."

"ತೆರಿ ಬರ್ಲಿ. ಬಂದ ಹೋಗತೈತಿ," ಎಂದಳು. "ಬಂದಾವ್ರು ಕುಂತ ಬಿಟ್ರ ತ್ರಾಸ."

ಕುರಿಗಳು ದಡ್ಡಿಗೆ ಮರಳಿದ್ದನ್ನು ನಾನು ಯಾವಾಗಲೂ ಸಂಜೆಯ ಬೆಳಕಿನಲ್ಲಿ ನೆನೆಯುತ್ತೇನೆ, ಉಣ್ಣೆಯ ಅಂಚು ಹೊಳೆಯುತ್ತಿರುತ್ತದೆ. ಅದು ನಾನು ಆಮೇಲೆ ಸೇರಿಸಿದ ಬೆಳಕು. ಅಷ್ಟು ದಿನ ಅವುಗಳನ್ನು ಇರಿಸಿಕೊಂಡವನು ಮೈದುನ, ಅವನು ಹೊಡೆದುಕೊಂಡು ಬಂದದ್ದು ಬೆಳಿಗ್ಗೆ, ನಾನು ಮಟ್ಟ ಓದಿ ಬರುವ ಹೊತ್ತಿಗೆ. ಬೇಲಿಯ ಬಾಗಿಲಲ್ಲಿ ಹಿಂಡು ನಿಂತುಬಿಟ್ಟಿತು. ಬೂದಿಯನ್ನು ಮೂಸಿ ಮೂಸಿ ಹಿಂದೆ ಸರಿಯಿತು. ಮೈದುನ ಕೋಲೆತ್ತಿದರೆ ಆಯಿ ತಡೆದಳು. ಒಳಗೆ ಹೋಗಿ, ನೀರು ನಿಂತಿದ್ದ ಜಾಗದಲ್ಲೇ ಸೆರಗು ಹಾಸಿ ಮಲಗಿದಳು, ಕಣ್ಣು ಮುಚ್ಚಿಕೊಂಡಳು. ನಾವಿಬ್ಬರೂ ಬೇಲಿಯ ಹೊರಗೆ ನಿಂತಿದ್ದೆವು. ಕುಂಟುತ್ತಿದ್ದ ಒಂದು ಕುರಿ ಮೊದಲು ಒಳಗೆ ಬಂತು. ಅವಳ ಸುತ್ತ ಒಂದು ಸುತ್ತು ಹಾಕಿ, ಮೊಣಕಾಲು ಮಡಚಿ, ಅವಳ ಬೆನ್ನಿಗೆ ಒತ್ತಿಕೊಂಡು ಮಲಗಿತು.